ಎದೆಯ ಮೇಲಿನ ಎರಡು ಕೈಗಳು

ನನ್ನ ಹಳೆಯ ಕಂಪ್ಯೂಟರಿನಲ್ಲಿ 'ಟ್ರೈಬಲ್' ಎಂಬ ಹೆಸರಿನ ಒಂದು ಫೋಲ್ಡರ್ ಇದೆ. ಬಟ್ಟೆಯ ಮೇಲೆ ಅಚ್ಚಾಗುವ ವಿನ್ಯಾಸಗಳನ್ನು ಬಿಡಿಸುವುದು ನನ್ನ ಕಸುಬು. ಈ ಕಸುಬಿನಲ್ಲಿರುವ ಬಹಳಷ್ಟು ಜನರ ಬಳಿ ಇಂಥದೊಂದು ಫೋಲ್ಡರ್ ಇರುತ್ತದೆ; 'ಫ್ಲೋರಲ್', 'ಚೆಕ್ಸ್' ಎಂಬ ಫೋಲ್ಡರುಗಳ ಪಕ್ಕದಲ್ಲಿ, ಅದೂ ಅವುಗಳಂತೆಯೇ ನಮೂನೆಯ ಒಂದು ಬಗೆ ಎಂಬಂತೆ ಕುಳಿತಿರುತ್ತದೆ. ನನ್ನದರಲ್ಲಿ ಮುನ್ನೂರಕ್ಕೂ ಹೆಚ್ಚು ಚಿತ್ರಗಳಿವೆ. ಉತ್ತರ ಅಮೆರಿಕದ ಮೂಲನಿವಾಸಿಗಳ ಕಂಬಳಿಗಳು, ಮಣಿ ಪೋಣಿಸಿದ ಚೀಲಗಳು, ಮರದ ಮುಖವಾಡಗಳು, ಪೆಸಿಫಿಕ್ ದ್ವೀಪಗಳ ಹಚ್ಚೆಗಳು, ಆಸ್ಟ್ರೇಲಿಯಾದ ಚುಕ್ಕಿಚಿತ್ರಗಳು ಎಲ್ಲವೂ ಒಂದರ ಮೇಲೊಂದು ರಾಶಿ ಬಿದ್ದಿವೆ. ಯಾವುದರ ಕೆಳಗೂ ಅದು ಯಾರದ್ದು, ಯಾವ ಜನರದ್ದು ಎಂಬ ಒಂದಕ್ಷರವೂ ಇಲ್ಲ. ಎಷ್ಟೋ ವರ್ಷ ಇದೊಂದು ಕೊರತೆ ಎಂದು ನನಗೆ ತೋಚಿರಲಿಲ್ಲ. ಈಗ ಆ ಫೋಲ್ಡರನ್ನು ಅಳಿಸಲೂ ಮನಸ್ಸು ಬಾರದು, ತೆರೆಯಲೂ ಧೈರ್ಯ ಸಾಲದು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಆ ಪ್ರಶ್ನೆಯನ್ನು ಒಮ್ಮೆ ಕೇಳಿದ್ದೆ ಎಂಬುದೂ ನನಗೆ ನೆನಪಿದೆ. ಅಂಚು ಹರಿದ ಒಂದು ಕಂಬಳಿಯ ಚಿತ್ರ ತೋರಿಸಿ, "ಸರ್, ಇದು ಯಾವ ಕಡೆಯದು? ಎಲ್ಲಾದರೂ ಹೆಸರು ಹಾಕಬೇಕಾಗುತ್ತದೆಯೇ?" ಎಂದಿದ್ದೆ. ನನಗೆ ಕೆಲಸ ಕಲಿಸುತ್ತಿದ್ದ ಹಿರಿಯರು ತಲೆಯೆತ್ತದೆ, "ಟ್ರೈಬಲ್ ಕಣಮ್ಮಾ ಅದು. ಅದಕ್ಕೆಲ್ಲ ಯಾರ ಹೆಸರೂ ಇರೋದಿಲ್ಲ. ಚೆನ್ನಾಗಿರೋದನ್ನ ತಗೊಂಡು ಸ್ವಲ್ಪ ಬದಲಾಯಿಸು, ಸಾಕು" ಎಂದರು. ಅವರು ಕೆಟ್ಟವರಾಗಿರಲಿಲ್ಲ. ಬೇರೊಬ್ಬ ವಿನ್ಯಾಸಕರ ಒಂದು ಎಲೆಯನ್ನು ನಕಲು ಮಾಡಿದರೂ ಸಿಡಿಮಿಡಿಗೊಳ್ಳುತ್ತಿದ್ದ ಪ್ರಾಮಾಣಿಕರು. ಆ ಪ್ರಾಮಾಣಿಕತೆಗೆ ಒಂದು ಎಲ್ಲೆ ಇತ್ತು. ಅದರಾಚೆ ಇದ್ದವರು ಅವರ ಕಣ್ಣಿಗೆ ವಿನ್ಯಾಸಕರಾಗಿ ಕಾಣುತ್ತಲೇ ಇರಲಿಲ್ಲ. ನಾನೂ ಅವರ ಮಾತನ್ನು ಕಸುಬಿನ ಪಾಠವೆಂದೇ ಕಲಿತೆ.

ಒಂದೇ ಗರಿ, ಮೂವತ್ತಾರು ಸಲ

ಆ ಪಾಠವನ್ನು ನಾನು ಹೇಗೆ ಪ್ರಯೋಗಿಸಿದೆ ಎಂಬುದನ್ನು ಹೇಳದೆ ಮುಂದೆ ಹೋಗಲಾರೆ. ಒಂದು ಋತುವಿನ ಟಿ-ಶರ್ಟುಗಳಿಗೆ ಗರಿಗಳ ವಿನ್ಯಾಸ ಬೇಕಾಗಿತ್ತು. ಫೋಲ್ಡರಿನಲ್ಲಿ 'ಫೆದರ್-7' ಎಂಬ ಕಡತವೊಂದಿತ್ತು: ಕಪ್ಪುಬಿಳುಪಿನ ಹಳೆಯ ಛಾಯಾಚಿತ್ರ, ಕುರ್ಚಿಯ ಮೇಲೆ ನೆಟ್ಟಗೆ ಕುಳಿತ ವಯಸ್ಸಾದ ಗಂಡಸು, ತಲೆಯ ಮೇಲೆ ಹದ್ದಿನ ಗರಿಗಳ ಶಿರೋಭೂಷಣ. ಸಿನಿಮಾಗಳಲ್ಲಿ, ಕಾಮಿಕ್ಸುಗಳಲ್ಲಿ, ಪಾರ್ಟಿ ವೇಷಗಳಲ್ಲಿ ನಾವೆಲ್ಲರೂ ಕಂಡಿರುವಂಥದೇ. ನಾನು ಮೊದಲು ಮಾಡಿದ ಕೆಲಸವೆಂದರೆ ಅವರ ಮುಖವನ್ನು ಕತ್ತರಿಸಿದ್ದು. ನನಗೆ ಬೇಕಿದ್ದದ್ದು ಗರಿಗಳು ಮಾತ್ರ. ಮುಖ ಉಳಿದರೆ ನೋಡುವವರ ಗಮನ ಅಲ್ಲಿಗೇ ಹೋಗುತ್ತದೆ. ಆಮೇಲೆ ಗರಿಗಳನ್ನು ದೊಡ್ಡದು ಮಾಡಿ ನೋಡಿದರೆ ಅವು ಒಂದರಂತೆ ಒಂದಿರಲಿಲ್ಲ. ಕೆಲವು ಗಿಡ್ಡ, ಕೆಲವು ತುಸು ಓರೆ, ಒಂದೆರಡರ ತುದಿ ಸವೆದಿತ್ತು. ಅಚ್ಚಿನಲ್ಲಿ ಇಂಥ ಏರುಪೇರು ಚೆನ್ನಾಗಿ ಕಾಣದೆಂದು, ಎಲ್ಲಕ್ಕಿಂತ ಸೊಗಸಾದ ಒಂದೇ ಒಂದು ಗರಿಯನ್ನು ಆಯ್ದು, ಅದನ್ನೇ ಮೂವತ್ತಾರು ಸಲ ನಕಲಿಸಿ, ಬೀಸಣಿಗೆಯ ಆಕಾರಕ್ಕೆ ಜೋಡಿಸಿದೆ. ನೀಲಿ, ಇಟ್ಟಿಗೆ ಕೆಂಪು, ಸಾಸಿವೆ ಹಳದಿ ಎಂದು ಮೂರು ಬಣ್ಣಗಳಲ್ಲಿ ಅದು ಅಚ್ಚಾಯಿತು. ಚೆನ್ನಾಗಿ ಮಾರಾಟವಾಯಿತು ಎಂದು ಕೇಳಿ ಸಂತೋಷಪಟ್ಟೆ.

ಬಹಳ ತಡವಾಗಿ ತಿಳಿದದ್ದು ಇದು. ಉತ್ತರ ಅಮೆರಿಕದ ಬಯಲುಸೀಮೆಯ ಲಕೋಟಾ, ಷೆಯೆನ್, ಕ್ರೋ ಮೊದಲಾದ ಬುಡಕಟ್ಟುಗಳ ಜನರಲ್ಲಿ ಹದ್ದಿನ ಗರಿ ಅಲಂಕಾರಕ್ಕೆಂದು ಸಿಕ್ಕಿಸಿಕೊಳ್ಳುವ ವಸ್ತುವಲ್ಲ. ಸಮುದಾಯದ ಕಣ್ಣೆದುರು ಮಾಡಿದ ಒಂದು ಸಾಹಸಕ್ಕೆ, ಹೊತ್ತ ಒಂದು ಹೊಣೆಗೆ, ಸಲ್ಲಿಸಿದ ಒಂದು ಸೇವೆಗೆ ಗರಿ ದೊರೆಯುತ್ತದೆ; ಅದನ್ನು ತಾನೇ ತೆಗೆದುಕೊಳ್ಳುವಂತಿಲ್ಲ, ಇತರರು ಕೊಡಬೇಕು. ಹಾಗಾಗಿ ತುಂಬು ಶಿರೋಭೂಷಣವೆಂದರೆ ಒಬ್ಬ ಮನುಷ್ಯನ ಬಗ್ಗೆ ಅವನ ಜನ ಆಡಿದ ಮಾತುಗಳ ಒಟ್ಟುಮೊತ್ತ. ಗಿಡ್ಡ ಗರಿ, ಓರೆ ಗರಿ, ಸವೆದ ಗರಿ ಒಂದೊಂದೂ ಬೇರೆ ಬೇರೆ ದಿನ, ಬೇರೆ ಬೇರೆ ಕಾರಣಕ್ಕೆ ಬಂದಿದ್ದಿರಬೇಕು. ನಾನು ಅವುಗಳಲ್ಲಿ ಒಂದನ್ನು ಉಳಿಸಿಕೊಂಡು, ಉಳಿದವನ್ನು ಅಳಿಸಿ, ಉಳಿದದ್ದನ್ನೇ ಮೂವತ್ತಾರು ಬಾರಿ ಹೇಳಿಸಿದೆ. ಅಂದರೆ ಒಬ್ಬರ ಬದುಕಿನ ಕಥೆಯನ್ನು ಕೈಗೆತ್ತಿಕೊಂಡು, ಅದರ ಒಂದೇ ಪದವನ್ನು ಹಾಳೆ ತುಂಬ ಬರೆದು, ಇದು ಸುಂದರವಾಗಿದೆ ಎಂದು ಜನರಿಗೆ ಮಾರಿದ್ದೆ.

ಆವಾನ ಅಂಗಿ

ನನ್ನನ್ನು ಮೊದಲು ತಡೆದು ನಿಲ್ಲಿಸಿದ್ದು ಗರಿಗಳ ವಿಷಯವಲ್ಲ, 2015ರ ಕೊನೆಯಲ್ಲಿ ಕೆನಡಾದಿಂದ ಬಂದ ಒಂದು ಸುದ್ದಿ. ಲಂಡನ್ನಿನ ಕೆಟಿಝೆಡ್ ಎಂಬ ಫ್ಯಾಷನ್ ಸಂಸ್ಥೆ ತನ್ನ ಸಂಗ್ರಹದಲ್ಲಿ ಒಂದು ಸ್ವೆಟರನ್ನು ತಂದಿತ್ತು. ಎದೆಯ ಮೇಲೆ ಬೆರಳುಗಳನ್ನು ಅಗಲಿಸಿದ ಎರಡು ಬಿಳಿಯ ಅಂಗೈಗಳು, ಸುತ್ತ ಬೇರೆ ಕೆಲವು ಆಕೃತಿಗಳು. ಬೆಲೆ 700 ಡಾಲರಿಗೂ ಹೆಚ್ಚು. ಕೆನಡಾದ ಉತ್ತರ ತುದಿಯ ನುನಾವುಟ್‌ನಲ್ಲಿ ರೇಡಿಯೋ ಕೆಲಸದಲ್ಲಿದ್ದ, ಅಲ್ಲಿನ ಮೂಲನಿವಾಸಿಗಳಾದ ಇನುಯಿಟ್ ಜನರ ಮಹಿಳೆಯೊಬ್ಬರು ಆ ಚಿತ್ರ ಕಂಡೊಡನೆ ಗುರುತು ಹಿಡಿದರು. ಅದು ಅವರ ಮುತ್ತಜ್ಜನ ಅಂಗಿಯಾಗಿತ್ತು. ಮುತ್ತಜ್ಜನ ಹೆಸರು ಆವಾ. ಅವನು ಆಂಗಕ್ಕುಕ್, ಅಂದರೆ ಕಾಣುವ ಲೋಕಕ್ಕೂ ಕಾಣದ ಲೋಕಕ್ಕೂ ನಡುವೆ ಓಡಾಡಬಲ್ಲವನೆಂದು ಅವನ ಜನ ನಂಬಿದ್ದ ಹಿರಿಯ. 1921ರಿಂದ 1924ರವರೆಗೆ ಆರ್ಕ್ಟಿಕ್ ಸೀಮೆಯನ್ನು ಸುತ್ತಿದ ಡೆನ್ಮಾರ್ಕಿನ ಅನ್ವೇಷಕ ಕ್ನುಡ್ ರಾಸ್ಮುಸೆನ್ ಅವನನ್ನು ಭೇಟಿಯಾಗಿ, ದಿನಗಟ್ಟಲೆ ಅವನ ಮಾತು ಕೇಳಿ ಬರೆದುಕೊಂಡಿದ್ದರು. ಹಾಗಾಗಿ ಅವನು ಅಜ್ಞಾತನಾಗಿರಲಿಲ್ಲ. ಆ ಸೀಮೆಯ ಬಗ್ಗೆ ಓದುವ ಯಾರಿಗೂ ಪರಿಚಿತವಾದ ಹೆಸರು ಅವನದು.

ಆ ಕೈಗಳು ಅಲ್ಲಿರಲು ಕಾರಣವಿತ್ತು. ಅವು ರಕ್ಷೆ ಎಂದು ಆ ಕುಟುಂಬ ಹೇಳಿತು. ಕೇಡು ತನ್ನನ್ನು ಮುಟ್ಟದಿರಲಿ ಎಂದು ತೊಟ್ಟವನ ಎದೆಯ ಮೇಲೆ ಹೊಲಿಸಿಕೊಂಡ ಕಾವಲು. ಚರ್ಮವನ್ನು ಹದ ಮಾಡಿ, ಬಿಳಿಯ ತುಪ್ಪಳದಿಂದ ಬೆರಳುಗಳನ್ನು ಒಂದೊಂದಾಗಿ ಕತ್ತರಿಸಿ, ಕಡುಚಳಿಯಲ್ಲೂ ಬಿಚ್ಚಿಕೊಳ್ಳದಂತೆ ಹೊಲಿಗೆ ಹಾಕಿದವರ ಕೈಗಳನ್ನೂ ನಾನು ಇಲ್ಲಿ ನೆನೆಯುತ್ತೇನೆ. ನಾನು ನನ್ನ ಕಸುಬಿನ ಕಣ್ಣಿನಿಂದ ಎರಡೂ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಕೈಗಳು ಇದ್ದ ಜಾಗ, ಬೆರಳುಗಳ ಅಗಲಿಕೆ, ಸುತ್ತಲಿನ ಆಕೃತಿಗಳ ಸಾಲು, ಅಂಚಿನ ಪಟ್ಟಿ, ಎಲ್ಲವೂ ಅದೇ. 'ಸ್ವಲ್ಪ ಬದಲಾಯಿಸು' ಎಂಬ ನಮ್ಮ ಹಿರಿಯರ ಮಾತನ್ನೂ ಅಲ್ಲಿ ಯಾರೂ ಪಾಲಿಸಿರಲಿಲ್ಲ. ವಿರೋಧ ಬಂದ ಮೇಲೆ ಸಂಸ್ಥೆ ಕ್ಷಮೆ ಕೇಳಿ ಆ ಉಡುಪನ್ನು ಮಾರಾಟದಿಂದ ಹಿಂತೆಗೆದುಕೊಂಡಿತು.

ಆ ರಾತ್ರಿ ನಾನು ನನ್ನ ಫೋಲ್ಡರನ್ನು ತೆರೆದು ಒಂದೊಂದೇ ಚಿತ್ರ ನೋಡುತ್ತಾ ಕುಳಿತೆ. ಇವುಗಳಲ್ಲಿ ಎಷ್ಟು ಯಾರ ಮುತ್ತಜ್ಜನದೋ ಯಾರ ಮುತ್ತಜ್ಜಿಯದೋ ಆಗಿರಬಹುದು ಎಂಬ ಯೋಚನೆ ಒಮ್ಮೆ ಹೊಕ್ಕ ಮೇಲೆ ಹೊರಗೆ ಹೋಗಲಿಲ್ಲ. ಎಲ್ಲವೂ ಆಗಿರಲೇಬೇಕು. ಯಾರ ಕೈಯಿಂದಲೂ ಆಗದ, ಯಾರ ಮೈಮೇಲೂ ಇರದ ಅಂಗಿ ಜಗತ್ತಿನಲ್ಲಿ ಎಲ್ಲಿದೆ? 'ಅದಕ್ಕೆಲ್ಲ ಯಾರ ಹೆಸರೂ ಇರೋದಿಲ್ಲ' ಎಂಬ ಮಾತು ಸುಳ್ಳು ಎಂದು ಅರಿವಾದದ್ದು ಆಗ. ಹೆಸರುಗಳು ಇದ್ದವು. ನಮ್ಮ ಕೈಗೆ ಬರುವಷ್ಟರಲ್ಲಿ ಅವು ಎಲ್ಲೋ ಉದುರಿದ್ದವು. ಹೇಗೆ ಉದುರಿದವು ಎಂಬುದು ನನ್ನನ್ನು ಕಾಡತೊಡಗಿತು.

1883

ಈ ಹುಡುಕಾಟದಲ್ಲಿ ನನ್ನ ಮನಸ್ಸಿನಲ್ಲಿ ಮೊಳೆ ಹೊಡೆದಂತೆ ನಿಂತ ವರ್ಷವೊಂದಿದೆ. 1883ರಲ್ಲಿ ಅಮೆರಿಕ ಸರ್ಕಾರ ಮೂಲನಿವಾಸಿಗಳ ಮೀಸಲು ಪ್ರದೇಶಗಳಿಗೆಂದೇ ಅಪರಾಧಗಳ ಸಂಹಿತೆಯೊಂದನ್ನು ತಂದಿತು. ಸೂರ್ಯ ನೃತ್ಯ ಮೊದಲಾದ ಆಚರಣೆಗಳು, ಅವರ ಪಾರಂಪರಿಕ ವೈದ್ಯರ ವಿಧಿಗಳು ಅದರಡಿ ಅಪರಾಧಗಳಾದವು. ತಪ್ಪಿದವರಿಗೆ ಪಡಿತರ ನಿಲ್ಲಿಸುವುದು, ಸೆರೆಯಲ್ಲಿಡುವುದು ಶಿಕ್ಷೆ. ಬೇಟೆಯ ನೆಲ ಕಳೆದುಕೊಂಡು ಸರ್ಕಾರದ ಪಡಿತರವನ್ನೇ ನಂಬಿದ್ದ ಜನಕ್ಕೆ ಪಡಿತರ ನಿಲ್ಲುವುದು ಎಂದರೆ ಮಕ್ಕಳು ಹಸಿದು ಮಲಗುವುದು. ಅದೇ 1883ರಲ್ಲಿ ಬಫೆಲೊ ಬಿಲ್ ಎಂದು ಖ್ಯಾತನಾದ ವಿಲಿಯಂ ಕೋಡಿ ತನ್ನ 'ವೈಲ್ಡ್ ವೆಸ್ಟ್' ಪ್ರದರ್ಶನವನ್ನು ಆರಂಭಿಸಿದ. ಅಲ್ಲಿ ಮೂಲನಿವಾಸಿಗಳು ಗರಿ ಮುಡಿದು, ಕುದುರೆ ಏರಿ, ಟಿಕೆಟ್ಟು ಕೊಂಡು ಬಂದವರ ಮುಂದೆ ಕುಣಿಯಬೇಕಿತ್ತು. 1885ರಲ್ಲಿ ಲಕೋಟಾ ಜನರ ನಾಯಕ ಸಿಟಿಂಗ್ ಬುಲ್ ಕೂಡ ಕೆಲವು ತಿಂಗಳು ಆ ಮೈದಾನದಲ್ಲಿ ಮೆರವಣಿಗೆ ಹೋದ. ತನ್ನವರ ನಡುವೆ ಮಾಡಿದರೆ ಅಪರಾಧ, ಪರರ ಮುಂದೆ ಮಾಡಿದರೆ ಮನರಂಜನೆ. ಗರಿ ಅದೇ, ಹೆಜ್ಜೆ ಅದೇ.

ಸಿನಿಮಾ ಎತ್ತಿಕೊಂಡದ್ದು ಈ ಮೈದಾನದ ಚಿತ್ರವನ್ನು. ಅದಕ್ಕಾಗಿಯೇ ಮರುಭೂಮಿಯವರಿಗೂ ಕಾಡಿನವರಿಗೂ ಕಡಲತೀರದವರಿಗೂ ಪರದೆಯ ಮೇಲೆ ಒಂದೇ ಗರಿ ಟೋಪಿ ಬಂತು. ಎಷ್ಟೋ ಬುಡಕಟ್ಟುಗಳು, ಎಷ್ಟೋ ನುಡಿಗಳು ಸೇರಿ 'ಇಂಡಿಯನ್' ಎಂಬ ಒಂದು ವೇಷವಾದವು. ಆ ವೇಷ ಎಷ್ಟು ಬಲಿಯಿತೆಂದರೆ, 1971ರಲ್ಲಿ ಅಮೆರಿಕದ ಟಿವಿಯಲ್ಲಿ ಬಂದ ಪರಿಸರ ಮಾಲಿನ್ಯದ ವಿರುದ್ಧದ ಜಾಹೀರಾತಿನಲ್ಲಿ ಕಸ ಕಂಡು ಕಣ್ಣೀರು ಸುರಿಸಿ ಪ್ರಸಿದ್ಧನಾದ ಮೂಲನಿವಾಸಿ, ಐರನ್ ಐಸ್ ಕೋಡಿ, ವಾಸ್ತವದಲ್ಲಿ ಇಟಲಿಯಿಂದ ವಲಸೆ ಬಂದ ದಂಪತಿಯ ಮಗ. ವೇಷ ಸರಿಯಾಗಿದ್ದರೆ ಸಾಕಿತ್ತು, ಒಳಗೆ ಯಾರಿದ್ದಾರೆಂದು ಯಾರೂ ಕೇಳಲಿಲ್ಲ.

ಕೆನಡಾದ ಕಥೆ ಇನ್ನೂ ಸ್ಪಷ್ಟ. ಅಲ್ಲಿನ ಪಶ್ಚಿಮ ಕರಾವಳಿಯ ಜನರ ಪಾಟ್ಲ್ಯಾಚ್, ಅಂದರೆ ಹೆಸರು, ಹಕ್ಕು, ಮುಖವಾಡ, ಹಾಡುಗಳನ್ನು ಎಲ್ಲರ ಸಾಕ್ಷಿಯಲ್ಲಿ ಹಂಚುವ, ದಾಟಿಸುವ ಸಮಾರಂಭ, 1885ರಿಂದ 1951ರವರೆಗೆ ಕಾನೂನುಬಾಹಿರವಾಗಿತ್ತು. 1921ರ ಡಿಸೆಂಬರಿನಲ್ಲಿ ಕ್ವಾಕ್ವಾಕಾವಾಕ್ವ್ ಜನರ ದೊಡ್ಡ ಪಾಟ್ಲ್ಯಾಚ್ ಒಂದು ನಡೆದಾಗ ಹಲವರನ್ನು ಬಂಧಿಸಲಾಯಿತು. ಮುಖವಾಡ, ತಾಮ್ರದ ಫಲಕ, ಉಡುಪುಗಳನ್ನು ಒಪ್ಪಿಸಿದರೆ ಶಿಕ್ಷೆ ಸಡಿಲ, ಒಪ್ಪಿಸದವರಿಗೆ ಜೈಲು. ಹೀಗೆ ಕಿತ್ತುಕೊಂಡವು ದೂರದ ವಸ್ತುಸಂಗ್ರಹಾಲಯಗಳಿಗೆ, ಖಾಸಗಿ ಸಂಗ್ರಹಕಾರರಿಗೆ ಹಂಚಿಹೋದವು. ಅವರ ಮಕ್ಕಳು, ಮೊಮ್ಮಕ್ಕಳು ವರ್ಷಗಟ್ಟಲೆ ಕೇಳಿ, ಒತ್ತಾಯಿಸಿ ಒಂದಷ್ಟನ್ನು ಮರಳಿ ತಂದು, 1980ರಲ್ಲಿ ಅಲರ್ಟ್ ಬೇ ಎಂಬಲ್ಲಿ ಅವುಗಳಿಗೆಂದೇ ಮನೆ ಕಟ್ಟಿಕೊಂಡರು. ನನ್ನ ಫೋಲ್ಡರಿನ ಮುಖವಾಡಗಳು ಯಾವ ಸಂಗ್ರಹದಿಂದ ಬಂದವೋ ನನಗೆ ತಿಳಿಯದು. ಆದರೆ ಒಂದು ಮುಖವಾಡದ ಚಿತ್ರ ಹೆಸರಿಲ್ಲದೆ ಪುಸ್ತಕವೊಂದನ್ನು ಸೇರಿ, ಪುಸ್ತಕದಿಂದ ನನ್ನಂಥವರ ಮೇಜಿಗೆ ಬರುವ ದಾರಿಯಲ್ಲಿ ಇಂಥದೊಂದು ಜಪ್ತಿ ಇದ್ದಿರಬಹುದು ಎಂದು ಈಗ ಗೊತ್ತು.

ಇದನ್ನೆಲ್ಲ ಓದಿದ ಮೇಲೆ 2012ರ ಆ ಫ್ಯಾಷನ್ ಪ್ರದರ್ಶನದ ಚಿತ್ರಗಳನ್ನು ಮತ್ತೆ ನೋಡಿದೆ. ವಿಕ್ಟೋರಿಯಾಸ್ ಸೀಕ್ರೆಟ್ ಎಂಬ ಒಳಉಡುಪಿನ ಸಂಸ್ಥೆ ತನ್ನ ರೂಪದರ್ಶಿಯೊಬ್ಬಳಿಗೆ ನೆಲ ಮುಟ್ಟುವ ಗರಿಗಳ ಶಿರೋಭೂಷಣ ತೊಡಿಸಿ ನಡೆಸಿತ್ತು. ಟೀಕೆ ಬಂದ ಮೇಲೆ ಕ್ಷಮೆ ಕೇಳಿ, ಟಿವಿ ಪ್ರಸಾರದಿಂದ ಆ ಭಾಗವನ್ನು ತೆಗೆಯಿತು. ಬರಿಯ ಟೋಪಿಗೆ ಇಷ್ಟೊಂದು ಗಲಾಟೆಯೇ ಎಂದು ಆಗ ನನಗೇ ಅನ್ನಿಸಿತ್ತು. ಇಂದಿಗೂ ಅಮೆರಿಕದಲ್ಲಿ ಹದ್ದಿನ ಗರಿ ಇಟ್ಟುಕೊಳ್ಳುವುದು ಕಾನೂನಿನ ಕಟ್ಟುಪಾಡಿಗೆ ಒಳಪಟ್ಟಿದೆ. ಮಾನ್ಯತೆ ಪಡೆದ ಬುಡಕಟ್ಟಿನ ಸದಸ್ಯರು ತಮ್ಮ ಧಾರ್ಮಿಕ ಅಗತ್ಯಕ್ಕೆ ಗರಿ ಬೇಕಾದರೆ ಕೊಲರಾಡೊದಲ್ಲಿರುವ ಸರ್ಕಾರಿ ಭಂಡಾರಕ್ಕೆ ಅರ್ಜಿ ಹಾಕಿ ಕಾಯಬೇಕು. ಇಡೀ ಹದ್ದಿಗಾದರೆ ಕಾಯುವುದು ವರ್ಷಗಟ್ಟಲೆ. ಒಬ್ಬ ಅಜ್ಜಿ ತನ್ನ ಮೊಮ್ಮಗನಿಗೆ ಒಂದು ಗರಿ ಕೊಡಿಸಲು ಅರ್ಜಿ ಹಾಕಿ ಕಾಯುತ್ತಿರುವಾಗ, ಬಣ್ಣ ಹಚ್ಚಿದ ಗರಿಗಳ ರಾಶಿ ವೇದಿಕೆಯ ಮೇಲೆ ನಡೆದುಹೋದರೆ ಅವಳಿಗೆ ಏನನ್ನಿಸಬಹುದು ಎಂದು ಊಹಿಸುವುದು ನನಗೆ ಈಗ ಕಷ್ಟವಾಗುವುದಿಲ್ಲ.

ಎರವಲು ಎಂಬ ಪದ

ಒಂದು ಜನರ ಸಂಸ್ಕೃತಿಯ ಗುರುತುಗಳನ್ನು ಹೊರಗಿನವರು ಕೇಳದೆ ಎತ್ತಿಕೊಳ್ಳುವುದನ್ನು ಇಂಗ್ಲಿಷಿನಲ್ಲಿ 'ಕಲ್ಚರಲ್ ಅಪ್ರೋಪ್ರಿಯೇಷನ್' ಎನ್ನುತ್ತಾರೆ. ಅದಕ್ಕೆ ನಮ್ಮಲ್ಲಿ ಎಲ್ಲರೂ ಒಪ್ಪಿದ ಪದವಿಲ್ಲ. ಅಪಹರಣ ಎಂದರೆ ಕೆಲವು ಸಂದರ್ಭಗಳಿಗೆ ಹೆಚ್ಚಾಗುತ್ತದೆ. ಎರವಲು ಎನ್ನುವವರಿದ್ದಾರೆ, ಎಲ್ಲ ಸಂಸ್ಕೃತಿಗಳೂ ಎರವಲಿನಿಂದಲೇ ಬೆಳೆದಿವೆಯಲ್ಲ ಎಂದು ಅವರು ಕೇಳುತ್ತಾರೆ. ಆ ಮಾತಿನಲ್ಲಿ ಸತ್ಯವಿದೆ, ಅದನ್ನು ತಳ್ಳಿಹಾಕುವವಳು ನಾನಲ್ಲ. ಬಯಲುಸೀಮೆಯ ಮಣಿಕೆಲಸಕ್ಕೆ ಬಳಸಿದ ಗಾಜಿನ ಮಣಿಗಳೇ ಯುರೋಪಿನಿಂದ ವ್ಯಾಪಾರದಲ್ಲಿ ಬಂದವು. ಅವು ಬರುವ ಮೊದಲು ಅಲ್ಲಿನ ಹೆಂಗಸರು ಮುಳ್ಳುಹಂದಿಯ ಮುಳ್ಳುಗಳಿಗೆ ಬಣ್ಣ ಹಾಕಿ ಕಸೂತಿ ಮಾಡುತ್ತಿದ್ದರು. ಹೊರಗಿನ ವಸ್ತು ಒಳಗೆ ಬಂದು ಅವರದೇ ಆಯಿತು. ಆದರೆ ಕನ್ನಡದಲ್ಲಿ ಎರವಲು ಎಂಬ ಪದಕ್ಕೆ ಒಂದು ಕಟ್ಟಿದೆ: ಎರವಲು ಎಂದರೆ ಕೊಟ್ಟವರೊಬ್ಬರು ಇರಬೇಕು, ಅವರ ಮನೆಯ ಬಾಗಿಲಿಗೆ ಹೋಗಿ ಕೇಳಿರಬೇಕು, ಅದು ಅವರದು ಎಂಬ ನೆನಪು ಪಡೆದವರಿಗೆ ಇರಬೇಕು. ನೆರೆಮನೆಯವರು ಊರಲ್ಲಿಲ್ಲದಾಗ ಎತ್ತಿಕೊಂಡು ಬಂದದ್ದನ್ನು ನಾವು ಎರವಲು ಎನ್ನುವುದಿಲ್ಲ. ಮಣಿ ಮಾರಿದವನು ಬೆಲೆ ತೆಗೆದುಕೊಂಡಿದ್ದ. ಆವಾನ ಮನೆಯ ಬಾಗಿಲನ್ನು ಯಾರೂ ತಟ್ಟಿರಲಿಲ್ಲ.

ಕಾನೂನು ಇಲ್ಲಿ ಹೆಚ್ಚಿನ ನೆರವಿಗೆ ಬರುವುದಿಲ್ಲ. ಕೃತಿಸ್ವಾಮ್ಯಕ್ಕೆ ಒಬ್ಬ ಕರ್ತೃ ಬೇಕು, ಒಂದು ಅವಧಿ ಬೇಕು. ತಲೆಮಾರುಗಳಿಂದ ಒಂದು ಸಮುದಾಯ ಕಾಯ್ದುಕೊಂಡು ಬಂದದ್ದು ಅದರ ಕಣ್ಣಿಗೆ ಯಾರದ್ದೂ ಅಲ್ಲ. ಮುಷ್ಟಿಯುದ್ಧದ ಮೈಕ್ ಟೈಸನ್ ಮುಖದ ಹಚ್ಚೆಯ ಕಥೆಯನ್ನೇ ನೋಡಿ. ನ್ಯೂಜಿಲೆಂಡಿನ ಮಾವೊರಿ ಜನರ ಮುಖದ ಹಚ್ಚೆಯ ಛಾಯೆ ಅದರಲ್ಲಿ ಎದ್ದು ಕಾಣುತ್ತದೆ. 2011ರಲ್ಲಿ ಹಾಲಿವುಡ್ಡಿನ ಒಂದು ಹಾಸ್ಯಚಿತ್ರ ಅಂಥದೇ ಹಚ್ಚೆಯನ್ನು ಬೇರೊಬ್ಬ ನಟನ ಮುಖಕ್ಕೆ ಬರೆಸಿದಾಗ, ತನ್ನ ಕೃತಿಯನ್ನು ಕದ್ದರು ಎಂದು ಹಚ್ಚೆ ಹಾಕಿದ್ದ ಅಮೆರಿಕದ ಕಲಾವಿದ ನ್ಯಾಯಾಲಯಕ್ಕೆ ಹೋದ, ಕೊನೆಗೆ ರಾಜಿಯಾಯಿತು. ವ್ಯಾಜ್ಯ ನಡೆದದ್ದು ಕಲಾವಿದನಿಗೂ ಚಿತ್ರಸಂಸ್ಥೆಗೂ. ಮಾವೊರಿಗಳಿಗೆ ಆ ಕೋಣೆಯಲ್ಲಿ ಕುರ್ಚಿ ಇರಲಿಲ್ಲ. 2015ರಲ್ಲಿ ಪ್ಯಾರಿಸ್ಸಿನಲ್ಲಿಯೂ ಇಂಥದೇ ನಡೆಯಿತು. ಮೆಕ್ಸಿಕೋದ ಒಹಾಕಾ ಪ್ರಾಂತ್ಯದ ಸಾಂತಾ ಮರಿಯಾ ತ್ಲಾವಿತೊಲ್ತೆಪೆಕ್ ಎಂಬ ಊರಿನ ಮಿಹೆ ಹೆಂಗಸರು ತೊಡುವ ಕಸೂತಿ ರವಿಕೆಯಂಥದೇ ಉಡುಪನ್ನು ಇಸಬೆಲ್ ಮರಾಂ ಎಂಬ ವಿನ್ಯಾಸಕಿ ಮಾರುತ್ತಿದ್ದರು. ಅದು ತಮ್ಮ ವಿನ್ಯಾಸ ಎಂದು ಇನ್ನೊಂದು ಫ್ರೆಂಚ್ ಸಂಸ್ಥೆ ದಾವೆ ಹೂಡಿತು. ಮರಾಂ ತಮ್ಮನ್ನು ಸಮರ್ಥಿಸಿಕೊಳ್ಳಲು, ಅದು ಆ ಊರಿನ ವಿನ್ಯಾಸ, ನಿಮ್ಮದಲ್ಲ ಎಂದು ಒಪ್ಪಿಕೊಳ್ಳಬೇಕಾಯಿತು. ಆ ಊರಿನ ಹೆಸರು ಕೊನೆಗೂ ಹೊರಬಿದ್ದದ್ದು ಹೀಗೆ, ವ್ಯಾಜ್ಯದ ಒಂದು ವಾದವಾಗಿ.

ಅಮೆರಿಕದ ಮೂಲನಿವಾಸಿಗಳಾದ ನವಾಹೊ ಜನರಿಗೆ ಮಾತ್ರ ಒಂದು ಹಿಡಿ ಸಿಕ್ಕಿತ್ತು, ಅದೂ ಅವರ ಹೆಸರಿನಿಂದಲೇ. 'ನವಾಹೊ' ಎಂಬುದು ಅವರ ನೋಂದಾಯಿತ ಟ್ರೇಡ್‌ಮಾರ್ಕ್. ಅರ್ಬನ್ ಔಟ್‌ಫಿಟರ್ಸ್ ಎಂಬ ಸಂಸ್ಥೆ ಆ ಹೆಸರಿಟ್ಟು ಒಳಚಡ್ಡಿಗಳನ್ನೂ ಮದ್ಯದ ಸೀಸೆಗಳನ್ನೂ ಮಾರಿದಾಗ ಆ ಬುಡಕಟ್ಟಿನ ಸ್ವಂತ ಆಡಳಿತವಾದ ನವಾಹೊ ರಾಷ್ಟ್ರ 2012ರಲ್ಲಿ ಮೊಕದ್ದಮೆ ಹೂಡಿತು. 2016ರಲ್ಲಿ ಅದು ರಾಜಿಯಲ್ಲಿ ಮುಗಿಯಿತು. ಹೆಸರು ಇಲ್ಲದೆ ಬರಿಯ ನಮೂನೆಯನ್ನಷ್ಟೇ ಎತ್ತಿಕೊಂಡಿದ್ದರೆ ಅವರ ಕೈಯಲ್ಲಿ ಏನು ಉಳಿಯುತ್ತಿತ್ತು ಎಂದು ನಾನು ಯೋಚಿಸುತ್ತೇನೆ. ನನ್ನ ಕಸುಬಿನಲ್ಲಿ ನಾವು ಮಾಡುವುದು ಅದನ್ನೇ: ಹೆಸರನ್ನು ಬಿಟ್ಟು ನಮೂನೆಯನ್ನು ಎತ್ತಿಕೊಳ್ಳುತ್ತೇವೆ.

ಕೇಳಿದವರಿಗೆ ಸಿಕ್ಕ ಉತ್ತರಗಳು

ಹಾಗಾದರೆ ಏನನ್ನೂ ಮುಟ್ಟಬಾರದೇ ಎಂದು ಒಬ್ಬ ಸಹೋದ್ಯೋಗಿ ನನ್ನನ್ನು ಬೇಸರದಿಂದ ಕೇಳಿದ್ದಳು. ಅವಳ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಮೂಲನಿವಾಸಿಗಳು ಹಾಗೆ ಹೇಳಿಲ್ಲ. ಅವರ ಕುಶಲಕರ್ಮಿಗಳು ಮಾರಲೆಂದೇ ಆಭರಣ ಮಾಡುತ್ತಾರೆ, ಕಂಬಳಿ ನೇಯುತ್ತಾರೆ. ಕೊಂಡವರು ಧರಿಸಲಿ ಎಂದೇ ಮಾಡುತ್ತಾರೆ. ಮೂಲನಿವಾಸಿಗಳು ಮಾಡದ ಕಲಾವಸ್ತುವನ್ನು ಅವರದೆಂದು ಹೇಳಿ ಮಾರುವುದು ಅಮೆರಿಕದ 1990ರ ಕಾಯ್ದೆಯ ಪ್ರಕಾರ ಅಪರಾಧ. ಮಾವೊರಿಗಳ ಮುಖದ ಹಚ್ಚೆ ಒಬ್ಬರ ವಂಶಾವಳಿಯನ್ನು ಹೇಳುತ್ತದೆ, ಹಾಗಾಗಿ ಅದು ಪರರಿಗೆ ಸಲ್ಲದು. ಆದರೂ ಆ ಶೈಲಿಯನ್ನು ಮೆಚ್ಚಿ ಬಂದ ಹೊರಗಿನವರಿಗಾಗಿ ವಂಶಾವಳಿಯ ಮಾತು ಸೇರದ ಹಚ್ಚೆಗಳನ್ನು ಹಾಕುತ್ತಾರೆ. ಅದಕ್ಕೆ 'ಕಿರಿತುಹಿ' ಎಂದು ಬೇರೆಯೇ ಹೆಸರಿಟ್ಟಿದ್ದಾರೆ. ಎಷ್ಟು ಸೂಕ್ಷ್ಮವಾಗಿ, ಎಷ್ಟು ಉದಾರವಾಗಿ ಒಂದು ಬಾಗಿಲನ್ನು ತೆರೆದಿಟ್ಟಿದ್ದಾರೆ! ಆ ಬಾಗಿಲ ಬಳಿ ಹೋಗಿ ಕೇಳದವರಿಗೆ ಮಾತ್ರ ಇದು ಗೊತ್ತಾಗುವುದಿಲ್ಲ. 2013ರಲ್ಲಿ ನೈಕಿ ಸಂಸ್ಥೆ ಪೆಸಿಫಿಕ್ ದ್ವೀಪದೇಶ ಸಮೋವಾದ 'ಪೆಅ' ಎಂಬ ಹಚ್ಚೆಯ ವಿನ್ಯಾಸವನ್ನು ಹೆಂಗಸರ ಬಿಗಿ ವ್ಯಾಯಾಮದ ಉಡುಪಿಗೆ ಅಚ್ಚು ಹಾಕಿ ಆಮೇಲೆ ಹಿಂತೆಗೆದುಕೊಂಡಿತಲ್ಲ, ಪೆಅ ಗಂಡಸರದು, ಹೆಂಗಸರದಕ್ಕೆ ಮಲು ಎನ್ನುತ್ತಾರೆ ಎಂದು ಸಮೋವಾದ ಯಾವ ಮಗುವಾದರೂ ಹೇಳುತ್ತಿತ್ತು.

ನನಗೆ ಬಹಳ ಹಿಡಿಸಿದ್ದು ನ್ಯೂಜಿಲೆಂಡಿನ 2014ರ ಒಂದು ಕಾಯ್ದೆ. ರಗ್ಬಿ ಪಂದ್ಯಕ್ಕೆ ಮೊದಲು ಆಟಗಾರರು ಎದೆ ತಟ್ಟಿಕೊಂಡು ಆಡುವ 'ಕಾ ಮಾತೆ' ಎಂಬ ಹಾಕಾ, ಅಂದರೆ ಮಾವೊರಿಗಳ ಹಾಡು-ಕುಣಿತ, ಜಗತ್ತಿಗೆಲ್ಲ ಗೊತ್ತು. ಅದನ್ನು ಜಾಹೀರಾತುಗಳಲ್ಲಿ ಮನಬಂದಂತೆ ಬಳಸಲಾಗಿದೆ. ಅದನ್ನು ಕಟ್ಟಿದವನು ತೆ ರೌಪರಾಹಾ, ಙಾತಿ ತೊವಾ ಬುಡಕಟ್ಟಿನ ನಾಯಕ. ಆ ಬುಡಕಟ್ಟಿನವರಿಗೆ ಈ ಕಾಯ್ದೆ ಕೊಟ್ಟದ್ದು ಹಣವನ್ನಲ್ಲ, ನಿಷೇಧಿಸುವ ಹಕ್ಕನ್ನೂ ಅಲ್ಲ. ವಾಣಿಜ್ಯಕ್ಕೆ ಬಳಸುವವರು ಇದನ್ನು ಕಟ್ಟಿದವನು ತೆ ರೌಪರಾಹಾ ಎಂದು ಹೇಳಬೇಕು, ಅಷ್ಟೆ. ಒಂದು ಹೆಸರು ಹೇಳಿಸುವುದಕ್ಕೆ ಒಂದು ಕಾಯ್ದೆಯೇ ಬೇಕಾಯಿತು.

ದೊಡ್ಡ ಸಂಸ್ಥೆಗಳು ಕಲಿಯಲಾರವು ಎಂದು ನಾನು ಹೇಳುವುದಿಲ್ಲ. 2016ರಲ್ಲಿ ಡಿಸ್ನಿ ಪೆಸಿಫಿಕ್ ಸಾಗರದ ಪಾಲಿನೇಷ್ಯಾ ದ್ವೀಪಗಳ ದೇವಪುರುಷ ಮಾವಿಯ ವೇಷವೆಂದು, ಕಂದು ಚರ್ಮ ಮತ್ತು ಹಚ್ಚೆಗಳನ್ನೇ ಅಂಗಿ ಚಡ್ಡಿಯಾಗಿ ಹೊಲಿದು ಮಕ್ಕಳಿಗೆ ಮಾರಲು ಹೋಗಿ, ಅದನ್ನು ಹಿಂತೆಗೆದುಕೊಂಡಿತ್ತು. ಬೇರೊಬ್ಬರ ಚರ್ಮವನ್ನು ತೊಟ್ಟುಕೊಳ್ಳುವ ಉಡುಪು! ಅದೇ ಸಂಸ್ಥೆ 2019ರಲ್ಲಿ ಉತ್ತರ ಯುರೋಪಿನ ಸಾಮಿ ಜನರ ಬದುಕನ್ನು ಹೋಲುವ ಕಥೆ ಮಾಡುವಾಗ ನಾರ್ವೆ, ಸ್ವೀಡನ್, ಫಿನ್ಲೆಂಡ್‌ಗಳ ಸಾಮಿ ಸಂಸತ್ತುಗಳೊಡನೆ ಲಿಖಿತ ಒಪ್ಪಂದ ಮಾಡಿಕೊಂಡಿತು, ಸಾಮಿ ತಜ್ಞರ ಸಮಿತಿಯ ಮಾತು ಕೇಳಿತು, ಚಿತ್ರವನ್ನು ಸಾಮಿ ಭಾಷೆಯಲ್ಲೂ ತಂದಿತು. ಕೇಳಿದ್ದರಿಂದ ಕಥೆ ಬಡವಾಗಲಿಲ್ಲ, ಸಾಮಿ ಮಕ್ಕಳು ಅದನ್ನು ತಮ್ಮ ನುಡಿಯಲ್ಲೇ ಕಂಡರು. ಆದರೆ ಕೇಳುವುದೆಂದರೆ 'ಬೇಡ' ಎಂಬ ಉತ್ತರಕ್ಕೂ ಸಿದ್ಧವಾಗಿ ಕೇಳಬೇಕು. ನಮ್ಮ ಉದ್ಯಮಕ್ಕೆ ಕಷ್ಟವಾಗುವುದು ಅಲ್ಲಿಯೇ. ಋತುವಿನ ಸಂಗ್ರಹ ಆರು ವಾರಗಳಲ್ಲಿ ಮುಗಿಯಬೇಕು; ಒಂದು ಸಮುದಾಯದ ಹಿರಿಯರು ಕೂತು ಮಾತಾಡಿ ಹೇಳುವ ಉತ್ತರಕ್ಕೆ ನಮ್ಮ ವೇಳಾಪಟ್ಟಿಯಲ್ಲಿ ಜಾಗವಿಲ್ಲ. ಹಾಗಾಗಿ ಕೇಳುವುದೇ ಇಲ್ಲ. 'ಪ್ರೇರಣೆ' ಎಂಬ ಪದವನ್ನು ಬರೆದು ಮುಂದೆ ಹೋಗುತ್ತೇವೆ.

ಗಾಜಿನ ಹಿಂದೆ

ಕೆಲವು ವರ್ಷಗಳ ಹಿಂದೆ ಒಂದು ವಸ್ತುಸಂಗ್ರಹಾಲಯದಲ್ಲಿ ಮೊದಲ ಬಾರಿಗೆ ನಿಜವಾದ ಗರಿಗಳ ಶಿರೋಭೂಷಣವನ್ನು ಕಣ್ಣಾರೆ ಕಂಡೆ. ಮಂದ ಬೆಳಕು, ಗಾಜಿಗೆ ಹಣೆ ತಾಗುವಷ್ಟು ಹತ್ತಿರ ನಿಂತೆ. ಪ್ರತಿ ಗರಿಯ ಬುಡಕ್ಕೂ ಕೆಂಪು ಬಟ್ಟೆ ಸುತ್ತಿ ದಾರ ಬಿಗಿದಿದ್ದರು. ಬೇರೆ ಬೇರೆ ಸಲ ಕಟ್ಟಿದ್ದಕ್ಕೋ ಏನೋ, ಕೆಂಪು ಎಲ್ಲ ಕಡೆ ಒಂದೇ ಆಗಿರಲಿಲ್ಲ. ಎಡಗಡೆಯ ಒಂದು ಗರಿ ನಡುವೆ ಮುರಿದಿತ್ತು. ಮುರಿದಲ್ಲಿ ಸಣ್ಣ ಕಡ್ಡಿಯೊಂದನ್ನು ಆನಿಸಿ, ನೂಲಿನಿಂದ ಬಹಳ ಜಾಗ್ರತೆಯಾಗಿ ಸುತ್ತಿ ಸರಿಪಡಿಸಿದ್ದರು. ಅದನ್ನು ಬಿಸಾಡಿ ಬೇರೆ ಗರಿ ಸಿಕ್ಕಿಸುವುದು ಸುಲಭವಿತ್ತು. ಆ ಗರಿಯೇ ಬೇಕಾಗಿತ್ತು ಅವರಿಗೆ. ಒಳಪಟ್ಟಿಯಲ್ಲಿ, ಹಣೆ ತಾಗುವ ಜಾಗದಲ್ಲಿ, ಬೆವರಿನ ಕಪ್ಪು ಕಲೆ ಇತ್ತು. ಕೆಳಗಿನ ಫಲಕದಲ್ಲಿ 'ನಾಯಕನ ಶಿರೋಭೂಷಣ, ಬಯಲುಸೀಮೆ' ಎಂದಿತ್ತು. ಅದನ್ನು ಸಂಗ್ರಹಿಸಿದವರ ಹೆಸರಿತ್ತು, ದಾನ ಕೊಟ್ಟ ಕುಟುಂಬದ ಹೆಸರಿತ್ತು. ಬೆವರಿನ ಕಲೆ ಯಾರದೋ ಅವರ ಹೆಸರು ಇರಲಿಲ್ಲ.

ಮನೆಗೆ ಬಂದ ಮೇಲೆ 'ಫೆದರ್-7' ಎಲ್ಲಿಂದ ಬಂದದ್ದು ಎಂದು ಹುಡುಕಲು ಕುಳಿತೆ. ನಾನು ಕತ್ತರಿಸಿ ಉಳಿಸಿದ ತುಂಡಿನಿಂದ ಮೂಲ ಹುಡುಕುವುದು ಸುಲಭವಾಗಿರಲಿಲ್ಲ, ಹಲವು ಸಂಜೆಗಳು ಹಿಡಿದವು. ಕೊನೆಗೆ ಅದು ಅಮೆರಿಕದ ಗ್ರಂಥಾಲಯವೊಂದರ ಡಿಜಿಟಲ್ ಸಂಗ್ರಹದಲ್ಲಿ ಸಿಕ್ಕಿತು. 1898ರಲ್ಲಿ ಒಮಾಹಾ ನಗರದಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆದಾಗ, ಅಲ್ಲಿಗೆ ಬಂದಿದ್ದ ಹಲವು ಬುಡಕಟ್ಟುಗಳ ಪ್ರತಿನಿಧಿಗಳನ್ನು ಫ್ರಾಂಕ್ ರೈನ್‌ಹಾರ್ಟ್ ಎಂಬ ಛಾಯಾಗ್ರಾಹಕರು ಒಬ್ಬೊಬ್ಬರನ್ನಾಗಿ ಕೂರಿಸಿ ತೆಗೆದ ಚಿತ್ರಗಳ ಸಾಲಿನಲ್ಲಿ ಅದೂ ಇತ್ತು. ಪೂರ್ಣ ಚಿತ್ರದಲ್ಲಿ ಆ ಹಿರಿಯರ ಮುಖ ಇತ್ತು: ಕ್ಯಾಮೆರಾದಿಂದ ತುಸು ಆಚೆ ನೋಡುವ ಕಣ್ಣುಗಳು, ಬಿಗಿದ ತುಟಿಗಳು, ಎಡಗೆನ್ನೆಯ ಮೇಲೆ ಆಳವಾದ ಗೆರೆ. ಚಿತ್ರದ ಕೆಳ ಅಂಚಿನಲ್ಲಿ ಬಿಳಿಯ ಸಣ್ಣ ಅಕ್ಷರಗಳಲ್ಲಿ ಒಂದು ಸಂಖ್ಯೆ, ಛಾಯಾಗ್ರಾಹಕರ ಹಕ್ಕಿನ ಗುರುತು, ಆ ಹಿರಿಯರ ಬುಡಕಟ್ಟು, ಅವರ ಹೆಸರು. ನನ್ನ ಕತ್ತರಿ ಆ ಅಂಚಿನ ಮೇಲೆ ಹಾದುಹೋಗಿತ್ತು.

ವಿನ್ಯಾಸವನ್ನು ಮತ್ತೆ ಅಚ್ಚು ಮಾಡಬೇಡಿ ಎಂದು ಆಗ ಕೆಲಸ ಕೊಟ್ಟವರಿಗೆ ಬರೆದೆ. ಆ ಋತು ಮುಗಿದು ಬಹಳ ಕಾಲವಾಗಿದೆ ಎಂದು ಉತ್ತರ ಬಂತು. ಆ ಟಿ-ಶರ್ಟುಗಳು ಇಷ್ಟರಲ್ಲಿ ಸವೆದು, ಒರೆಸುವ ಬಟ್ಟೆಗಳಾಗಿ ಯಾವ ಮೂಲೆ ಸೇರಿವೆಯೋ. ಚಿತ್ರದ ಆ ಹಿರಿಯರ ಮನೆಯವರು, ಮರಿಮಕ್ಕಳು ಎಲ್ಲಾದರೂ ಇರಬೇಕು. ಅವರ ಬುಡಕಟ್ಟಿನ ಕಚೇರಿಗೆ ಒಂದು ಪತ್ರ ಬರೆಯಲು ಕುಳಿತು, ಏನೆಂದು ಬರೆಯಲಿ ಎಂದು ತಿಳಿಯದೆ ಮೂರು ಸಲ ಹರಿದು, ನಾಲ್ಕನೆಯದನ್ನು ಕಳಿಸಿದ್ದೇನೆ. ಅವರ ಹೆಸರನ್ನು ಇಲ್ಲಿ ಬರೆಯಲೋ ಬೇಡವೋ ಎಂದೂ ಅದರಲ್ಲಿ ಕೇಳಿದ್ದೇನೆ. ಉತ್ತರ ಬರುವವರೆಗೆ ಬರೆಯುವುದಿಲ್ಲ. ಸದ್ಯಕ್ಕೆ ನನ್ನ ಕಂಪ್ಯೂಟರಿನಲ್ಲಿ ಪೂರ್ಣ ಚಿತ್ರವನ್ನು ಇಳಿಸಿಕೊಂಡು, 'ಫೆದರ್-7' ಎಂಬುದನ್ನು ಅಳಿಸಿ, ಆ ಜಾಗದಲ್ಲಿ ಅವರ ಹೆಸರನ್ನು ಬರೆದಿದ್ದೇನೆ. ಇನ್ನೂ ಮುನ್ನೂರು ಕಡತಗಳು ಬಾಕಿ ಇವೆ.